ಕಡುಗೆಂಪು ಹೊಲದ ಬೇರು

ಕಾಲುವೆಯ ಕಟ್ಟಕಡೆಗೆ ಹಾಲಮ್ಮನ ಮುಕ್ಕಾಲು ಎಕರೆ ಮೆಣಸಿನಕಾಯಿ ಹೊಲ. ಅದರ ಮೇಲುಗಡೆ ಗುರುಶಾಂತಪ್ಪನ ಆರು ಎಕರೆ, ಅಲ್ಲೂ ಮೆಣಸಿನಗಿಡವೇ. ಇಬ್ಬರಿಗೂ ನೀರು ಬಿಡುವವನು ನೀರಗಂಟಿ ತಿಪ್ಪೇಶಿ.

ಮೊದಲೆಲ್ಲ ತಿಪ್ಪೇಶಿ ಹೊಲಕ್ಕಿಳಿದು, ಮಣ್ಣು ಹಿಡಿದು ಉಂಡೆ ಕಟ್ಟಿ ನೋಡಿ ನೀರು ಬಿಡುತ್ತಿದ್ದ. ಆ ವರ್ಷ ಕೈಗೊಂದು ಮೊಬೈಲ್ ಬಂತು ನೋಡಿ, ಮಣ್ಣು ಮುಟ್ಟುವುದೇ ನಿಂತಿತು. ಮೇಲೆ ಸುತ್ತುವ ಉಪಗ್ರಹ ಹೊಲಗಳ ಬಿಸಿ ಅಳೆದು ಬಣ್ಣದ ನಕ್ಷೆ ಕಳಿಸುತ್ತದಂತೆ. ತಂಪಾಗಿದ್ದರೆ ನೀಲಿ, ತೇವ ಇದೆ ಎಂದು. ಬಿಸಿಯಾಗಿದ್ದರೆ ಕೆಂಪು, ಒಣಗಿದೆ ಎಂದು. ಕೆಂಪು ಹೆಚ್ಚಿದ್ದವರಿಗೆ ಮೊದಲ ನೀರು ಎಂದು ನೀರಾವರಿ ಇಲಾಖೆಯ ಅಪ್ಪಣೆ.

ಪ್ರತಿ ಸಲವೂ ಕಡುಗೆಂಪು ಗುರುಶಾಂತಪ್ಪನ ಹೊಲವೇ. ಮೂರು ಸರದಿ ನೀರು ಅವನಿಗೇ ಹೋಯಿತು. ಊರಿನ ಬಾಯಿ ಸುಮ್ಮನಿದ್ದೀತೇ? ತಿಪ್ಪೇಶಿಯ ಹೆಂಡತಿಯ ಕೈಯಲ್ಲಿ ಬಂಗಾರದ ಬಳೆ ಕಂಡಿತಲ್ಲ! "ಬಳೆ ಯಾರ ಹೊಲದಾಗೆ ಬೆಳೀತು ಅಂತ ಕೇಳ್ರೇ," ಎಂದು ನಲ್ಲಿ ಹತ್ತಿರ ಹೆಂಗಸರು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಹಾಲಮ್ಮ ನಗಲಿಲ್ಲ. ಅವಳ ಗಿಡ ಹೂ ಉದುರಿಸುತ್ತಿತ್ತು. ಸೊಸೆಯ ಜೊತೆ ಕೊಡದಲ್ಲಿ ನೀರು ಹೊತ್ತು ಬುಡಕ್ಕೆ ಹಾಕಿದಳು. ಅದರಿಂದ ನಕ್ಷೆಯಲ್ಲಿ ಅವಳ ಕೆಂಪು ಒಂದಿಷ್ಟು ತೆಳುವಾಗಿ, ಸರದಿ ಇನ್ನೂ ಹಿಂದೆ ಬಿತ್ತು! ಉಳಿದದ್ದು ಒಂದೇ ಸರದಿ. ಅದೂ ಬಂದ ದಿನ, ಸಂಜೆಗೆ ಕಾಲುವೆ ಬಂದ್.

ಹಾಲಮ್ಮ ತೂಬಿನ ಹತ್ತಿರ ಓಡಿದಳು.

"ತಿಪ್ಪೇಶಿ, ಇವತ್ತು ನೀರು ಬರದಿದ್ರೆ ನನ್ನ ಗಿಡ ಸೌದೆ ಆಗ್ತಾವಪ್ಪ."

"ನಾನೇನು ಮಾಡ್ಲಿ ಹಾಲಕ್ಕ? ನಕ್ಷೆ ಮೀರಿದ್ರೆ ನನ್ನ ಕೆಲಸ ಹೋಗ್ತದೆ."

ಬದುವಿನ ಮೇಲಿಂದ ಗುರುಶಾಂತಪ್ಪ, "ನನ್ನ ಹೊಲ ಕಾದ ಹಂಚಾಗೈತೆ. ಗಿಡ ಹೆಂಗೆ ಬಾಡ್ಯಾವೆ ಕಾಣಲ್ಲೇನಮ್ಮ?" ಎಂದ.

"ಕಾಣ್ತದೆ ಗೌಡ್ರೇ. ಮೂರು ಸರದಿ ಕುಡಿದೂ ಯಾಕೆ ಬಾಡಿದ್ವು ಅನ್ನೋದು ಕಾಣಂಗಿಲ್ಲ. ತಿಪ್ಪೇಶಿ, ನಿನ್ನ ಕೈ ಏನು ಸವೆದು ಹೋತಾ? ಒಂದು ಗಿಡ ಕಿತ್ತು ನೋಡು."

ತಿಪ್ಪೇಶಿ ಮೊಬೈಲ್ ನೋಡಿದ, ಇಳಿಯುತ್ತಿದ್ದ ಹೊತ್ತು ನೋಡಿದ. ಕೊನೆಗೆ ಗುರುಶಾಂತಪ್ಪನ ಹೊಲಕ್ಕೆ ಇಳಿದ. ಮೇಲೆ ಒಣ ಮಣ್ಣಿನ ಹೆಕ್ಕಳೆ, ಕಾಲಿಟ್ಟರೆ ಒಳಗೆ ಕೆಸರು. ಗಿಡ ಎಳೆದರೆ ಸಲೀಸಾಗಿ ಬಂತು. ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು.

ಬೇರು ಕೊಳೆತ ಗಿಡ ನೀರು ಹೀರಲಾರದು. ನೀರಿಲ್ಲದ ಎಲೆ ಬಿಸಿಲಿಗೆ ಕಾಯುತ್ತದೆ. ಆ ಕಾವನ್ನೇ ನಕ್ಷೆ ಕೆಂಪು ಮಾಡಿತ್ತು. ಕೆಂಪು ನೋಡಿ ತಿಪ್ಪೇಶಿ ಮತ್ತೆ ಮತ್ತೆ ನೀರು ಬಿಟ್ಟು ಗಿಡಗಳನ್ನು ಕೊಂದಿದ್ದ!

ತಿಪ್ಪೇಶಿ ತೂಬಿಗೆ ಹೋಗಿ ನೀರನ್ನು ಹಾಲಮ್ಮನ ಕಡೆಗೆ ತಿರುಗಿಸಿದ. ಅವಳು ನೀರಿಗಿಂತ ಮುಂದೆ ಓಡಿ ಕಾಲುವೆಯ ಕಸ ಬಳಿದಳು. ಅರ್ಧ ಬೆಳೆ ಉಳಿಯಿತು.

ಆ ಬಳೆ? ತವರಿನವರು ಬಾಣಂತನಕ್ಕೆ ಹಾಕಿದ್ದಂತೆ. ಅದನ್ನು ಮಾತ್ರ ನಲ್ಲಿ ಹತ್ತಿರ ಯಾರೂ ಹೇಳಲಿಲ್ಲ.

ನೀತಿ: ನಕ್ಷೆ ಜ್ವರ ಇದೆ ಎಂದು ಹೇಳುತ್ತದೆ, ಯಾಕೆ ಬಂತೆಂದು ಹೇಳುವುದಿಲ್ಲ. ಹೊಲವಾಗಲಿ, ಮನುಷ್ಯನಾಗಲಿ, ಮೇಲಿನ ಬಣ್ಣ ನೋಡಿ ತೀರ್ಪು ಕೊಡುವ ಮೊದಲು ಬುಡ ಕೆದಕಿ ನೋಡಿ.