ಕೊಂಬಿನಕೋಟೆಯ ಮೂರನೆಯ ಪ್ರಶ್ನೆ

"ಕೇಳ್ರಪ್ಪೋ ಕೇಳಿ! ಕೊಂಬಿನಕೋಟೆಯ ಮಹಾಸ್ವಾಮಿ ಸೋಮಭೂಪಾಲರ ಅಪ್ಪಣೆ! ರಾಜ್ಯಭಾರದ ಸಂಗತಿ ಬಲ್ಲವರಿಗೆ ದಿವಾನಗಿರಿ! ಮೂರು ಒಗಟು ಬಿಡಿಸಿದವನಿಗೆ ಹುದ್ದೆ, ಮೇಲೆ ಬೇಡಿದ ಎರಡು ವರ. ಒಂದು ತಪ್ಪಿದರೂ ತಲೆದಂಡ!"

ಹೀಗೆ ಊರೂರು ಅಲೆದು ಡಂಗುರ ಸಾರಿದವನು ಜವರ. ಸಾರುವಾಗ ಅವನ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಇನ್ನೇನು? ಪರೀಕ್ಷೆಯಲ್ಲಿ ಫೇಲಾದರೆ ತಲೆ ತೆಗೆಯುವುದಂತೆ! ಓದಿದ ಮಕ್ಕಳು ಕೆಲಸ ಕೇಳಿದ್ದು ಅಷ್ಟು ದೊಡ್ಡ ಅಪರಾಧವೇ? ಹಾಗಂತ ಯಾರೂ ಮನೆಯಲ್ಲಿ ಕೂರಲಿಲ್ಲ. ಹನ್ನೆರಡು ವರ್ಷದಿಂದ ಆ ರಾಜ್ಯದಲ್ಲಿ ಒಂದು ಹುದ್ದೆಯೂ ತುಂಬಿರಲಿಲ್ಲ, ಪಾಪ, ಹುಡುಗರು ಇನ್ನೆಲ್ಲಿಗೆ ಹೋಗಬೇಕು?

ಪೇಟೆ ಬೀದಿಯ ಪಂಡಿತರು 'ಪ್ರಚಲಿತ ರಾಜ್ಯಭಾರ' ಅಂತ ಒಂದು ಗೈಡು ಮಾಡಿ ಮಾರುತ್ತಿದ್ದರು. ಯಾವ ಯೋಜನೆಗೆ ಯಾವ ಹೆಸರು, ಯಾವ ತಿಥಿಯಲ್ಲಿ ಜಾರಿ, ದೀಪ ಹಚ್ಚಿದವರು ಯಾರು, ಎಲ್ಲ ಅದರಲ್ಲಿ ಇತ್ತು. ಜವರನ ತಮ್ಮ ಪುಟ್ಟಮಾದ ಮೂರು ವರ್ಷ ಅದನ್ನೇ ಉರು ಹೊಡೆದಿದ್ದ. "ಬ್ಯಾಡ ಕಣೋ, ತಲೆ ಹೋಗೋ ಕೆಲಸ," ಎಂದು ಜವರ ಅಂಗಲಾಚಿದರೂ ಕೇಳದೆ ಅರಮನೆಗೆ ಹೋದ.

ಒಗಟು ಕಟ್ಟಿದವರು ರಾಜನ ತಾಯಿ ಲಿಂಗಾಜಮ್ಮಣ್ಣಿ. ತಲೆದಂಡ ಸೇರಿಸಿದವನು ಮಗ. ಸಭೆಯಲ್ಲಿ ಆಕೆ ಮೊದಲನೆಯದನ್ನು ಕೇಳಿದರು: "ಅರಮನೆಯಲ್ಲಿ ಹುಟ್ಟುತ್ತದೆ, ಹುಟ್ಟುವ ಮೊದಲೇ ನಾಮಕರಣ. ಕೆಲವು ವರ್ಷಕ್ಕೊಮ್ಮೆ ಹೊಸ ಹೆಸರಿಟ್ಟುಕೊಂಡು ಮತ್ತೆ ಹುಟ್ಟುತ್ತದೆ. ಊರಿಗೆಲ್ಲ ಹೆಸರು ಗೊತ್ತು, ಮುಖ ಕಂಡವರಿಲ್ಲ. ಏನದು?"

"ಧಾನ್ಯಸಿರಿ! ಚೈತ್ರ ಶುದ್ಧ ಪಂಚಮಿಯಂದು ಜಾರಿ!" ಎಂದ ಒಬ್ಬ. ಹಳೆಯ ಗೈಡು ಓದಿದವನು "ತುಂಬುಕಣಜ" ಎಂದ. ಅದಕ್ಕೂ ಹಿಂದಿನದನ್ನು ಓದಿದ್ದ ಪುಟ್ಟಮಾದ "ಕಣಜವೈಭವ" ಎಂದ. ಎಲ್ಲ ತಪ್ಪು. ನಲವತ್ತು ಹುಡುಗರನ್ನು ಹಗ್ಗ ಕಟ್ಟಿ ಸೆರೆಮನೆಗೆ ನೂಕಿದರು. ಸಂಜೆಗೆ ತಲೆದಂಡ ಎಂದು ಗೊತ್ತುಮಾಡಿದರು.

ಮಂತ್ರಿಯ ಸೋದರಳಿಯನೊಬ್ಬ ಮಾತ್ರ ಮೊದಲನೆಯದನ್ನು ಹೇಗೋ ದಾಟಿ, ಎರಡನೆಯದಕ್ಕೆ "ಸಿಂಹಾಸನ" ಎಂದು ಮುಗ್ಗರಿಸಿದ. ಅವನನ್ನೂ ಎಳೆದೊಯ್ದರು.

ತಮ್ಮನ ಸುದ್ದಿಯನ್ನೂ ಒಗಟನ್ನೂ ಕೇಳಿದ ಜವರ ಬಿಸಿಲಲ್ಲಿ ಓಡಿ ಬಂದು ಸಭೆಯ ನಡುವೆ ನಿಂತು, "ನಾನು ಬಿಡಿಸ್ತೀನಿ," ಎಂದ. ಆಸ್ಥಾನದವರು ಗೊಳ್ಳೆಂದು ನಕ್ಕರು. "ಡಂಗುರದವನಿಗೆ ದಿವಾನಗಿರಿ ಬೇಕಂತೆ!"

"ನಗಿ ಸ್ವಾಮಿ, ನಗಿ," ಎಂದ ಜವರ. "ಮೊದಲನೇದು ಯೋಜನೆ ಕಣ್ರವ್ವ. ಬಡವರಿಗೆ ಧಾನ್ಯ ಕೊಡ್ತೀವಿ ಅಂತ ನಾನೇ ಮೂರು ಸಲ ಸಾರಿದೀನಿ, ಮೂರು ಹೆಸರಲ್ಲಿ. ಒಂದೇ ಯೋಜನೆ! ಕಾಳು ಮಾತ್ರ ಬರಲಿಲ್ಲ. ಮೂರನೇ ಸಲ ಹೋದಾಗ ಹೆಂಗಸರು ಪೊರಕೆ ಹಿಡ್ಕೊಂಡು ಬಂದ್ರು. ಹೆಸರು ಇಟ್ಟೋರು ಇಲ್ಲಿ ತಣ್ಣಗೆ ಕೂತಿದ್ರು, ಉಗಿಸ್ಕೊಂಡೋನು ನಾನು!"

ನಗು ನಿಂತಿತು. ಲಿಂಗಾಜಮ್ಮಣ್ಣಿ ಎರಡನೆಯದನ್ನು ಕೇಳಿದರು. "ಅದು ಬರಿದಾಗಿದ್ದಷ್ಟೂ ಬಾಗಿಲ ಹೊರಗೆ ಜನ ಹೆಚ್ಚುತ್ತಾರೆ. ಅದರ ಮೇಲೆ ಯಾರೂ ಕೂತಿಲ್ಲ, ಅದಕ್ಕಾಗಿ ಕಾದು ಕೂದಲು ನೆರೆತವರಿಗೆ ಲೆಕ್ಕವಿಲ್ಲ."

"ಖಾಲಿ ಹುದ್ದೆಯ ಕುರ್ಚಿ. ಪ್ರತಿ ಕಚೇರಿಯಲ್ಲೂ ಅದಕ್ಕೆ ಧೂಳು ಹಿಡಿದೈತೆ. ಒಳಗೆ ಕೆಲಸ ಮಾಡೋಕೆ ಜನ ಇಲ್ಲ ಅಂತಾರೆ, ಹೊರಗೆ ನಮ್ಮ ಹುಡುಗರಿಗೆ ಕೆಲಸ ಇಲ್ಲ. ಯಾರ ಮನೆ ಹಾಳು ಮಾಡೋ ಆಟ ಇದು?"

ಆಕೆ ತಲೆದೂಗಿದರು. ಮೂರನೆಯ ಒಗಟು ಯಾರಿಗೂ ಗೊತ್ತಿರಲಿಲ್ಲ, ರಾಜನಿಗೂ ಅವರು ಹೇಳಿರಲಿಲ್ಲ. "ಅವನು ಎಲ್ಲರನ್ನೂ ಪರೀಕ್ಷಿಸುತ್ತಾನೆ, ಅವನನ್ನು ಪರೀಕ್ಷಿಸುವವರಿಲ್ಲ. ಅವನು ತಪ್ಪಿದರೆ ಹೋಗುವುದು ಬೇರೆಯವರ ಕತ್ತು. ಯಾರವನು?"

ಉತ್ತರ ಜವರನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ರಾಜ ಅಲ್ಲೇ ಕಡಿದಾನು, ಹೇಳದಿದ್ದರೆ ತಮ್ಮನ ಜೊತೆ ಸಂಜೆಗೆ ಅವನದೂ ಮುಗಿಯಿತು. ಪುಟ್ಟಮಾದನ ಹಗ್ಗ ಬಿಗಿದ ಕೈ ಕಣ್ಣಿಗೆ ಕಟ್ಟಿದಂತಾಗಿ ಅವನಿಗೆ ಸಿಟ್ಟು ಉಕ್ಕಿ ಬಂತು.

"ರಾಜ!" ಎಂದು ಕೂಗಿಬಿಟ್ಟ. "ತಾವೇ ಬುದ್ದಿ, ಬೇರೆ ಯಾರೂ ಅಲ್ಲ! ಧಾನ್ಯ ತಪ್ಪಿಸಿದ್ದು ತಾವು, ಹುದ್ದೆ ತುಂಬದೆ ಇದ್ದದ್ದು ತಾವು. ಕಾಳೇ ಬರದ ಯೋಜನೆ ಹೆಸರು ತಪ್ಪಾಗಿ ಹೇಳಿದ್ದಕ್ಕೆ ನನ್ನ ತಮ್ಮನ ತಲೆ ಹೋಗಬೇಕಾ?"

ಸೋಮಭೂಪಾಲ ಕತ್ತಿ ಹಿಡಿದು ಎದ್ದ.

"ಕೂತ್ಕೋ ಸೋಮ," ಎಂದರು ತಾಯಿ. "ಉತ್ತರ ಸರಿಯಾಗಿದೆ."

"ಅಮ್ಮಾಜಿ, ನನ್ನ ಮೇಲೇ ಒಗಟು ಕಟ್ಟಿದಿರಾ?"

"ಬಿಡಿಸಿ ಹೇಳಿದಾಗ ನೀನು ಕೇಳಲಿಲ್ಲ, ಅದಕ್ಕೆ ಒಗಟು ಮಾಡಿದೆ. ಡಂಗುರ ಸಾರಿಸಿದ ಮಾತು, ನಡೆಸಿಕೊಡು."

ಇಡೀ ಸಭೆ ಅವನನ್ನೇ ನೋಡುತ್ತಿತ್ತು. ರಾಜ ಕತ್ತಿ ಕೆಳಗಿಟ್ಟು, ಹಲ್ಲು ಕಚ್ಚಿಕೊಂಡು ದಿವಾನಗಿರಿಯ ಮುದ್ರೆಯನ್ನು ಜವರನ ಕೈಗೆ ಕೊಟ್ಟ. "ವರ ಬೇಡು," ಎಂದ.

"ಸೆರೆಯಲ್ಲಿರೋ ಅಷ್ಟೂ ಹುಡುಗರನ್ನ ಈಗಲೇ ಬಿಡಬೇಕು. ಇನ್ನು ಮುಂದೆ ವರ್ಷಕ್ಕೊಂದು ದಿನ ತಾವು ಇದೇ ನೆಲದ ಮೇಲೆ ಕೂರಬೇಕು. ಜನ ಪ್ರಶ್ನೆ ಕೇಳ್ತಾರೆ, ತಾವು ಉತ್ತರ ಹೇಳಬೇಕು."

ಹುಡುಗರು ಹೊರಗೆ ಬಂದರು. ಪುಟ್ಟಮಾದ ಅಣ್ಣನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.

ಮುಂದಿನ ವರ್ಷ ರಾಜ ನೆಲದ ಮೇಲೆ ಕೂತ. ಒಬ್ಬಳು ಮುದುಕಿ ಬಂದು, "ನಮ್ಮೂರಲ್ಲಿ ಸೇರು ಅಕ್ಕಿ ಎಷ್ಟಕ್ಕೆ ಸಿಗುತ್ತೆ ಹೇಳಪ್ಪ," ಎಂದಳು. ಅವನಿಗೆ ಗೊತ್ತಿರಲಿಲ್ಲ. ನಲವತ್ತು ಪ್ರಶ್ನೆ ಕೇಳಿದರು, ರಾಜ ಒಂದರಲ್ಲೂ ಪಾಸಾಗಲಿಲ್ಲ. ಹಾಗಂತ ಅವನ ತಲೆಯನ್ನು ಯಾರೂ ಕೇಳಲಿಲ್ಲ. "ಮುಂದಿನ ವರ್ಷ ಓದ್ಕೊಂಡು ಬಾ ಮಗ," ಎಂದು ಹೇಳಿ ಮುದುಕಿ ಊರಿಗೆ ಹೊರಟಳು.