ಬಹುದಿಗೂ ಬೇಕಿಗೂ

ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ಮಸ್ಟ್’ ಇರಬೇಕಾದ ಕಡೆ ‘ಮೇ’ ಬಿದ್ದಿತ್ತು. ಎಲ್ಲ ಪ್ರಶ್ನೆಗಳಿಗೂ ‘ಉತ್ತರಿಸಬೇಕು’ ಅನ್ನೋದು ಹೋಗಿ ‘ಉತ್ತರಿಸಬಹುದು’ ಅಂತಾಗಿತ್ತು. ಹುಡುಗರು ಒಂದೊಂದೇ ಪ್ರಶ್ನೆಗೆ ಉತ್ತರ ಬರೆದು, ಅರ್ಧ ಗಂಟೆಗೇ ಎದ್ದು ಕ್ಯಾಂಟೀನಿಗೆ ನಡೆದರು.

ಪತ್ರಿಕೆ ಬರೆದುಕೊಟ್ಟವರು ಇಪ್ಪತ್ತು ವರ್ಷದಿಂದ ಇಂಗ್ಲಿಷ್ ವ್ಯಾಕರಣ ಪಾಠ ಮಾಡುವ ಪ್ರೊಫೆಸರ್ ಜೀವಂಧರಯ್ಯ. ಅವರು ಪ್ರಿನ್ಸಿಪಾಲರ ಮುಂದೆ ಟೈಪಿಸ್ಟ್ ಚಂಪಕ್ಕನ ಕಡೆ ಬೆರಳು ತೋರಿಸಿದರು.

“ತಪ್ಪು ಇವಳದು. ಕ್ಷಮಾಪಣೆ ಬರೆದುಕೊಡಲಿ, ಇಲ್ಲ ಕೆಲಸ ಬಿಡಲಿ!”

ಚಂಪಕ್ಕ ಹೋಗಿ ಒಂದೇ ಸಾಲು ಟೈಪ್ ಮಾಡಿ ತಂದಳು: ‘ತಪ್ಪು ಮಾಡಿದವರು ಕ್ಷಮೆ ಕೇಳಬಹುದು.’

ಪ್ರೊಫೆಸರ್ ಕೆಂಡವಾದರು. “ಕೇಳಬಹುದು ಅಂದರೇನು? ಬೇಡ ಅನ್ನಿಸಿದರೆ ಬಿಡಬಹುದು ಅಂತಲಾ? ‘ಕೇಳಬೇಕು’ ಅಂತ ಹಾಕು! ಬಹುದಿಗೂ ಬೇಕಿಗೂ ವ್ಯತ್ಯಾಸ ಗೊತ್ತಿಲ್ವೇನು ನಿನಗೆ?”

“ನನಗೆ ಗೊತ್ತು ಸಾರ್,” ಅನ್ನುತ್ತ ಚಂಪಕ್ಕ ಫೈಲಿನಿಂದ ಅವರದೇ ಕೈಬರಹದ ಪ್ರಶ್ನೆಪತ್ರಿಕೆ ತೆಗೆದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟಳು. ಮೊದಲ ಸಾಲಲ್ಲೇ, ನೀಲಿ ಇಂಕಿನಲ್ಲಿ, ದಪ್ಪಗೆ ‘ಮೇ’ ಅಂತಿತ್ತು.

ಪ್ರೊಫೆಸರ್ ಕನ್ನಡಕ ತೆಗೆದು ಒರೆಸತೊಡಗಿದರು.

ಚಂಪಕ್ಕ ತನ್ನ ಹಾಳೆಯಲ್ಲಿ ‘ಬಹುದು’ ಹೊಡೆದುಹಾಕಿ, ‘ಬೇಕು’ ಅಂತ ತಿದ್ದಿ, ಅವರ ಮುಂದೆ ಚಾಚಿದಳು.

“ನೀವು ಹೇಳಿದ ಹಾಗೇ ಮಾಡಿದ್ದೀನಿ ಸಾರ್. ಕೆಳಗೆ ಸೈನ್ ಹಾಕಿ.”