ಗಿಣಿಯ ಹೊಟ್ಟೆ ಎಷ್ಟು ಮೇಲೆ?

ಬನ್ನಿ ಬನ್ನಿ, ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ. ಯಾರೂ ಯಾರನ್ನೂ ಚಿವುಟಬಾರದು. ಹ್ಞಾಂ, ಶುರು ಮಾಡ್ಲಾ?

ಒಂದು ಗುಡ್ಡ. ಗುಡ್ಡದ ಮೇಲೆ ನಾಲ್ಕಾರು ಮನೆಯ ಒಂದು ಹಟ್ಟಿ. ಗುಡ್ಡದ ಕೆಳಗೆ ಒಂದು ಊರು. ಹಟ್ಟಿಗೂ ಊರಿಗೂ ಒಂದೇ ದಾರಿ. ದಾರಿ ತುಂಬಾ ಕಲ್ಲು. ಬರೀ ಕಲ್ಲು!

ಹಟ್ಟಿಯಲ್ಲಿ ಸಣ್ಣೀರಕ್ಕ ಅಂತ ಇದ್ದಳು. ಅವಳ ಹತ್ತಿರ ಒಂದು ಜೀಪಿತ್ತು. ಹಸಿರು ಜೀಪು. ಅದಕ್ಕೇ ಅದರ ಹೆಸರು ಗಿಣಿ. ಬೆಳಿಗ್ಗೆ ಗಿಣಿ ಏಳು ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಇಳಿಯುತ್ತಿತ್ತು. ಸಂಜೆ ಏಳು ಮಕ್ಕಳನ್ನು ಕೂರಿಸಿಕೊಂಡು ಮನೆಗೆ ಹತ್ತುತ್ತಿತ್ತು. ದಿನಾ ಹೀಗೇ. ಭಾನುವಾರ ಮಾತ್ರ ರಜ.

ದಾರಿ ಮಧ್ಯೆ ಒಂದು ಬಂಡೆ. ಗುಂಡು ಬಂಡೆ. ಸಿಡುಕಿನ ಬಂಡೆ. ಗಿಣಿ ದಾಟುವಾಗೆಲ್ಲ ಅದರ ಹೊಟ್ಟೆ ಬಂಡೆಯ ಬೆನ್ನಿಗೆ ತಾಗುತ್ತಿತ್ತು. ಕರ್ರ್! ದಿನಾ ಕರ್ರ್!

ಒಂದು ದಿನ ಬೆಳಿಗ್ಗೆ ಏನಾಯ್ತು ಗೊತ್ತಾ? ಕರ್ರ್... ಠಣ್! ಗಿಣಿಯ ಹೊಗೆ ಪೈಪು ಬಿದ್ದೇ ಹೋಯ್ತು.

ಪೈಪು ಹೋದರೆ ಜೀಪು ಸುಮ್ಮನಿರುತ್ತಾ? ಡಬ ಡಬ ಡಬ ಡರ್ರ್ರ್! ಏಳು ಮಕ್ಕಳೂ ಕಿವಿ ಮುಚ್ಚಿಕೊಂಡರು. ನೀವೂ ಮುಚ್ಕೊಳ್ಳಿ. ಡಬ ಡಬ ಡಬ ಡರ್ರ್ರ್!

ಸಣ್ಣೀರಕ್ಕ ಇಳಿದು ನೋಡಿದಳು. ಬಂಡೆ ಪೈಪಿನ ಮೇಲೆ ಕೂತುಬಿಟ್ಟಿತ್ತು.

"ಬಂಡೆ ಬಂಡೆ, ಪೈಪು ಕೊಡು."

"ಕೊಡಲ್ಲ! ದಿನಾ ನನ್ನ ಬೆನ್ನು ಕೆರೀತೀಯ. ನಿನ್ನ ಗಿಣಿಯ ಹೊಟ್ಟೆ ಮೇಲೆತ್ತು. ಆಮೇಲೆ ಪೈಪು ಕೇಳು. ಸಂಜೆ ಹೀಗೇ ಬಂದರೆ ದಾರೀನೂ ಬಿಡಲ್ಲ!"

ಸಣ್ಣೀರಕ್ಕ ಲೆಕ್ಕ ಹಾಕಿದಳು. ನಾಲ್ಕು ಗಂಟೆಗೆ ಶಾಲೆ ಬಿಡುತ್ತೆ. ದಾರಿ ಬಿಡದಿದ್ದರೆ ಮಕ್ಕಳ ಗತಿ? ನಡೆದು ಹತ್ತೋಣ ಅಂದರೆ ಹತ್ತು ತಿರುವು. ಎಲ್ಲರಿಗಿಂತ ಚಿಕ್ಕವಳು ಗಿರಿಜಿ, ಅವಳ ಕಾಲು ಇಷ್ಟೇ ಇಷ್ಟು.

ಬಂಡೆ ಪೈಪು ಕೊಡಲ್ಲ.
ಗಿಣಿ ಸುಮ್ಮನಾಗಲ್ಲ.
ಮಕ್ಕಳು ಮನೆ ಸೇರಲ್ಲ!

ಮಕ್ಕಳನ್ನು ಶಾಲೆಗೆ ಬಿಟ್ಟವಳೇ ಪಕ್ಕದ ಗ್ಯಾರೇಜಿಗೆ ಹೋದಳು. ಅಲ್ಲಿ ಮೆಕ್ಯಾನಿಕ್ ದಸ್ತಗೀರಣ್ಣ ಇದ್ದ.

"ದಸ್ತಗೀರಣ್ಣ, ದಸ್ತಗೀರಣ್ಣ, ಗಿಣಿಯ ಹೊಟ್ಟೆ ಎತ್ತು."

"ಎತ್ತೋಣ ಕಣಕ್ಕ. ಚಕ್ರದ ಹತ್ರ ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಕಮಾನು ಪಟ್ಟಿ ಇದೆ ನೋಡು. ಒಂದೊಂದು ಚಕ್ರಕ್ಕೂ ಇನ್ನೊಂದು ಪಟ್ಟಿ ಸೇರಿಸಿದರೆ ಹೊಟ್ಟೆ ಮೇಲೇಳುತ್ತೆ. ಎಷ್ಟು ಎತ್ತಲಿ? ಒಂದು ಗೇಣು?"

"ಗೇಣೇ ಇರಲಿ!"

ದಸ್ತಗೀರಣ್ಣ ಗಿಣಿಯನ್ನು ಜಾಕಿ ಮೇಲೆ ಏರಿಸಿದ. ನಾಲ್ಕೂ ಚಕ್ರ ಬಿಚ್ಚಿದ. ಆಮೇಲೆ ತಲೆ ಕೆರೆದುಕೊಂಡ.

"ಪಟ್ಟಿ ಇಲ್ಲ ಕಣಕ್ಕ. ಕಮ್ಮಾರ ಮೋನಾಚಾರ್ರನ್ನ ಕೇಳು."

ನೋಡಿದ್ರಾ ಇವನ್ನ! ಚಕ್ರ ಬಿಚ್ಚಿದ ಮೇಲೆ ಹೇಳ್ತಾನೆ!

ದಸ್ತಗೀರಣ್ಣ ಹೊಟ್ಟೆ ಎತ್ತಲ್ಲ.
ಬಂಡೆ ಪೈಪು ಕೊಡಲ್ಲ.
ಗಿಣಿ ಸುಮ್ಮನಾಗಲ್ಲ.
ಮಕ್ಕಳು ಮನೆ ಸೇರಲ್ಲ!

ಸಣ್ಣೀರಕ್ಕ ಕುಲುಮೆಗೆ ಓಡಿದಳು.

"ಆಚಾರ್ರೇ, ಆಚಾರ್ರೇ, ಪಟ್ಟಿ ಬಡಿದು ಕೊಡಿ. ಗಿಣಿ ಹೊಟ್ಟೆ ಒಂದು ಗೇಣು ಮೇಲೇಳಬೇಕು."

"ಗೇಣಾ? ಥೂ, ಎತ್ತೋದೇ ಎತ್ತುತ್ತೀರಿ, ಒಂದು ಮೊಳ ಎತ್ತಿ!"

"ಮೊಳವೇ ಇರಲಿ!"

"ಆದರೆ ಕುಲುಮೆ ತಣ್ಣಗಿದೆಯಲ್ಲಮ್ಮ. ಇದ್ದಿಲಿಲ್ಲ. ಇದ್ದಿಲು ಮಾರೋ ಬದ್ರಕ್ಕನ್ನ ಕೇಳು."

ಆಚಾರ್ರು ಪಟ್ಟಿ ಬಡಿಯಲ್ಲ.
ದಸ್ತಗೀರಣ್ಣ ಹೊಟ್ಟೆ ಎತ್ತಲ್ಲ.
ಬಂಡೆ ಪೈಪು ಕೊಡಲ್ಲ.
ಗಿಣಿ ಸುಮ್ಮನಾಗಲ್ಲ.
ಮಕ್ಕಳು ಮನೆ ಸೇರಲ್ಲ!

ಬದ್ರಕ್ಕನ ಮೂಗೂ ಕಪ್ಪು, ಕೈಯೂ ಕಪ್ಪು, ನಕ್ಕರೆ ಹಲ್ಲು ಮಾತ್ರ ಬಿಳಿ.

"ಬದ್ರಕ್ಕ, ಬದ್ರಕ್ಕ, ಕುಲುಮೆಗೆ ಇದ್ದಿಲು ಕಳಿಸು. ಗಿಣಿ ಹೊಟ್ಟೆ ಒಂದು ಮೊಳ ಮೇಲೇಳಬೇಕು."

"ಮೊಳ ಯಾತಕ್ಕೆ ಸಾಕಾಗುತ್ತೆ? ಆಳೆತ್ತರ ಎತ್ತಿಸೇ! ಕೆಳಗೆ ನಾನು ನೆರಳಲ್ಲಿ ಕೂರ್ತೀನಿ."

"ಆಳೆತ್ತರವೇ ಇರಲಿ!"

"ಇದ್ದಿಲೇನೋ ಮೂಟೆಗಟ್ಟಲೆ ಇದೆ. ಹೊರೋ ಕತ್ತೆ ಮಲಗಿಬಿಟ್ಟಿದೆ. ಬೆಳಿಗ್ಗೆಯಿಂದ ಎಬ್ಬಿಸಿ ಎಬ್ಬಿಸಿ ನನ್ನ ಗಂಟಲು ಬಿದ್ದೋಯ್ತು. ನೀನೇ ಕೇಳು."

ಬದ್ರಕ್ಕ ಇದ್ದಿಲು ಕಳಿಸಲ್ಲ.
ಆಚಾರ್ರು ಪಟ್ಟಿ ಬಡಿಯಲ್ಲ.
ದಸ್ತಗೀರಣ್ಣ ಹೊಟ್ಟೆ ಎತ್ತಲ್ಲ.
ಬಂಡೆ ಪೈಪು ಕೊಡಲ್ಲ.
ಗಿಣಿ ಸುಮ್ಮನಾಗಲ್ಲ.
ಮಕ್ಕಳು ಮನೆ ಸೇರಲ್ಲ!

ಕತ್ತೆ ಒಂದು ಕಣ್ಣು ತೆರೆಯಿತು. ಒಂದೇ ಕಣ್ಣು.

"ಕತ್ತೆ ಕತ್ತೆ, ಎದ್ದೇಳಪ್ಪ. ಇದ್ದಿಲು ಹೊರು. ಗಿಣಿ ಹೊಟ್ಟೆ ಆಳೆತ್ತರ ಮೇಲೇಳಬೇಕು."

"ಮನೆಯೆತ್ತರ ಎತ್ತಿಸು," ಅಂತು ಕತ್ತೆ. ಕತ್ತೆಯ ಗಂಟೇನು ಹೋಗುತ್ತೆ!

"ಮನೆಯೆತ್ತರವೇ ಇರಲಿ! ಈಗ ಏಳು."

"ಏಳಲ್ಲ. ಗೋಣಿಚೀಲ ಬೆನ್ನಿಗೆ ಚುಚ್ಚುತ್ತೆ. ಕೆಂಚಮಾವ ಮೆತ್ತನೆ ಕಂಬಳಿ ತುಂಡು ನೇಯ್ದು ಕೊಟ್ಟರೆ ಏಳ್ತೀನಿ." ಕತ್ತೆ ಆ ಒಂದು ಕಣ್ಣನ್ನೂ ಮುಚ್ಚಿತು.

ಕತ್ತೆ ಮೇಲೇಳಲ್ಲ.
ಬದ್ರಕ್ಕ ಇದ್ದಿಲು ಕಳಿಸಲ್ಲ.
ಆಚಾರ್ರು ಪಟ್ಟಿ ಬಡಿಯಲ್ಲ.
ದಸ್ತಗೀರಣ್ಣ ಹೊಟ್ಟೆ ಎತ್ತಲ್ಲ.
ಬಂಡೆ ಪೈಪು ಕೊಡಲ್ಲ.
ಗಿಣಿ ಸುಮ್ಮನಾಗಲ್ಲ.
ಮಕ್ಕಳು ಮನೆ ಸೇರಲ್ಲ!

ಕೆಂಚಮಾವ ಮಗ್ಗದ ಮುಂದೆ ಕೈಕಟ್ಟಿ ಕೂತಿದ್ದ.

"ಮಾವ, ಮಾವ, ಕತ್ತೆಗೊಂದು ಕಂಬಳಿ ತುಂಡು ನೇಯ್ದು ಕೊಡು. ಗಿಣಿ ಹೊಟ್ಟೆ ಮನೆಯೆತ್ತರ ಮೇಲೇಳಬೇಕು."

"ಮನೆಯೆತ್ತರಾನಾ? ತೆಂಗಿನ ಮರದಷ್ಟು ಎತ್ತಿಸಮ್ಮ! ಹಂಗೇ ಒಂದು ಎಳನೀರೂ ಕಿತ್ತುಕೊಂಡು ಬಾ."

"ತೆಂಗಿನ ಮರವೇ ಇರಲಿ!" ಸಣ್ಣೀರಕ್ಕನಿಗೆ ಅಳು ಬರೋದೊಂದು ಬಾಕಿ. ಹೊತ್ತು ನೆತ್ತಿಗೆ ಬಂದಿತ್ತು.

"ಮುಕ್ಕಾಲು ನೇಯ್ದಿದ್ದೀನಿ. ಉಣ್ಣೆ ನೂಲು ಮುಗಿದೋಯ್ತು. ನೂಲೆಲ್ಲ ದ್ಯಾಮಜ್ಜಿ ಹತ್ರ. ಶಾಲೆ ಜಗಲಿ ಮೇಲೆ ಕೂತಿರ್ತಾಳೆ, ನೋಡು."

ಇರ್ತಾಳೆ, ಇರ್ತಾಳೆ! ದ್ಯಾಮಜ್ಜಿ ಹಟ್ಟಿಯವಳೇ. ಚಿಕ್ಕ ಗಿರಿಜಿಯ ಅಜ್ಜಿ. ಅಜ್ಜಿ ಕಾಣದಿದ್ದರೆ ಗಿರಿಜಿ ಶಾಲೆಯಲ್ಲಿ ರಂಪ ಮಾಡುತ್ತಾಳೆ. ಅದಕ್ಕೆ ಅಜ್ಜಿಯೂ ದಿನಾ ಗಿಣಿ ಹತ್ತಿ ಬರುತ್ತಾಳೆ. ಜಗಲಿಯಲ್ಲಿ ನೂಲುತ್ತಾ ಕೂರುತ್ತಾಳೆ. ಸಂಜೆ ಗಿಣಿ ಹತ್ತಿ ಹೋಗುತ್ತಾಳೆ.

"ಅಜ್ಜಿ, ಅಜ್ಜಿ, ನೂಲು ಕೊಡು. ಗಿಣಿ ಹೊಟ್ಟೆ ತೆಂಗಿನ ಮರದಷ್ಟು ಮೇಲೇಳಬೇಕು!"

ಅಜ್ಜಿ ನೂಲುವುದನ್ನು ನಿಲ್ಲಿಸಿದಳು.

"ಕೊಡಲ್ಲ!"

ಅಯ್ಯೋ!

ಅಜ್ಜಿ ನೂಲು ಕೊಡಲ್ಲ.
ಮಾವ ಕಂಬಳಿ ನೇಯಲ್ಲ.
ಕತ್ತೆ ಮೇಲೇಳಲ್ಲ.
ಬದ್ರಕ್ಕ ಇದ್ದಿಲು ಕಳಿಸಲ್ಲ.
ಆಚಾರ್ರು ಪಟ್ಟಿ ಬಡಿಯಲ್ಲ.
ದಸ್ತಗೀರಣ್ಣ ಹೊಟ್ಟೆ ಎತ್ತಲ್ಲ.
ಬಂಡೆ ಪೈಪು ಕೊಡಲ್ಲ.
ಗಿಣಿ ಸುಮ್ಮನಾಗಲ್ಲ.
ಮಕ್ಕಳು ಮನೆ ಸೇರಲ್ಲ!

ಸಣ್ಣೀರಕ್ಕ ಜಗಲಿ ಮೇಲೆ ಕುಸಿದು ಕೂತಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಯಾಕಜ್ಜಿ? ನೀನೂ ಹಿಂಗಂದ್ರೆ ಹೆಂಗಜ್ಜಿ?"

"ಅಲ್ಲ ಕಣೇ, ತೆಂಗಿನ ಮರದಷ್ಟು ಎತ್ತಿದರೆ ನಾನು ಹತ್ತೋದು ಹೆಂಗೆ? ಗಿರಿಜಿ ಹತ್ತೋದು ಹೆಂಗೆ? ಏಣಿ ತರ್ತೀಯಾ?"

ಸಣ್ಣೀರಕ್ಕ ಹಣೆ ಚಚ್ಚಿಕೊಂಡಳು. ಎಲ್ಲರೂ ಎತ್ತು ಎತ್ತು ಅಂದರು. ಇವಳು ಇರಲಿ ಇರಲಿ ಅಂದಳು. ಹತ್ತೋರನ್ನ ಯಾರೂ ಕೇಳಲೇ ಇಲ್ಲ!

"ನಮ್ಮ ಹಟ್ಟೀಲಿ ಹೊಸ್ತಿಲು ಎಷ್ಟೆತ್ತರ ಇಡ್ತೀವಿ?" ಅಂದಳು ಅಜ್ಜಿ. "ಮನೆಯ ಹಿರೀ ಮುದುಕೀನ ಕರೆದು ಕಾಲೆತ್ತಿಸಿ ನೋಡ್ತೀವಿ. ಅವಳ ಕಾಲು ಎಷ್ಟು ಏಳುತ್ತೋ ಹೊಸ್ತಿಲು ಅಷ್ಟೇ. ಜೀಪೂ ಹಂಗೇ. ಬಾ, ನನ್ನ ಕಾಲು ನೋಡು. ಅದಕ್ಕೆ ಮೊದಲು ಆ ಗಿಣಿ ಹೊಟ್ಟೆ ನೋಡ್ಕೊಂಡು ಬಾ. ಬಂಡೆ ಎಷ್ಟು ತಾಗಿದೆ?"

ಸಣ್ಣೀರಕ್ಕ ಪಕ್ಕದ ಗ್ಯಾರೇಜಿಗೆ ಓಡಿದಳು. ಗಿಣಿಯ ಕೆಳಗೆ ತೂರಿದಳು. ಹೊಟ್ಟೆಯಲ್ಲಿ ಒಂದು ತಗ್ಗು. ತಗ್ಗಿನಲ್ಲಿ ಬೆರಳು ಅಡ್ಡ ಇಟ್ಟಳು. ಒಂದೇ ಬೆರಳು ಹಿಡಿಯಿತು. ಗೇಣಲ್ಲ. ಮೊಳವಲ್ಲ. ಆಳೆತ್ತರವಲ್ಲ. ಮನೆಯೆತ್ತರವಲ್ಲ. ತೆಂಗಿನ ಮರವಂತೂ ಅಲ್ಲವೇ ಅಲ್ಲ. ಒಂದು ಬೆರಳು!

"ಒಂದು ಬೆರಳು, ಅಜ್ಜಿ!"

"ಹ್ಞೂಂ. ಬಂಡೆ ತಾಗಿದ್ದಕ್ಕೆ ಒಂದು ಬೆರಳು. ಮಕ್ಕಳು ಬೆಳೀತಾರೆ, ಭಾರ ಆಗ್ತಾರೆ, ಅದಕ್ಕೊಂದು ಬೆರಳು. ಎರಡು ಬೆರಳು. ಈಗ ನನ್ನ ಕಾಲು."

ಅಜ್ಜಿ ಎದ್ದು ನಿಂತಳು. ದಿನಾ ಗಿಣಿ ಹತ್ತುವಷ್ಟು ಕಾಲೆತ್ತಿದಳು. ಅದರ ಮೇಲೆ ಒಂದು ಬೆರಳು ಎತ್ತಿದಳು. ಎರಡು ಬೆರಳು ಎತ್ತಿದಳು. ಮೂರನೇ ಬೆರಳಿಗೆ, "ಅಯ್ಯಯ್ಯೋ, ನನ್ನ ಮಂಡಿ!"

"ಎರಡೇ ಬೆರಳು!" ಅಂತ ಸಣ್ಣೀರಕ್ಕ ಚಪ್ಪಾಳೆ ತಟ್ಟಿದಳು. "ಎರಡೇ ಬೆರಳು ಎತ್ತಿಸ್ತೀನಜ್ಜಿ!"

"ಹಂಗಾದ್ರೆ ತಗೋ ನೂಲು."

ಅಜ್ಜಿ ನೂಲು ಕೊಟ್ಟಳು.
ಮಾವ ಕಂಬಳಿ ನೇಯ್ದ.
ಕತ್ತೆ ಮೇಲೆದ್ದಿತು. ಎರಡೂ ಕಣ್ಣು ಬಿಟ್ಟುಕೊಂಡು!
ಬದ್ರಕ್ಕ ಇದ್ದಿಲು ಕಳಿಸಿದಳು.
ಆಚಾರ್ರು ಪಟ್ಟಿ ಬಡಿದರು. ಠಣ್ ಠಣ್, ನಾಲ್ಕು ಪಟ್ಟಿ.
ದಸ್ತಗೀರಣ್ಣ ಹೊಟ್ಟೆ ಎತ್ತಿದ.

"ಎರಡೇ ಬೆರಳಾ?" ಅಂತ ದಸ್ತಗೀರಣ್ಣ ಕೇಳಿದ. ಆಮೇಲೆ ತಾನೇ ತಲೆಯಾಡಿಸಿದ. "ಒಳ್ಳೇದಾಯ್ತು ಕಣಕ್ಕ. ಗೇಣು ಎತ್ತಿದ್ದರೆ ತಿರುವಿನಲ್ಲಿ ತೂರಾಡ್ತಿತ್ತು. ನಾನು ಬಾಯಿಗೆ ಬಂದದ್ದು ಹೇಳ್ಬಿಟ್ಟೆ."

ಢಣ ಢಣ ಢಣ! ನಾಲ್ಕು ಗಂಟೆ. ಶಾಲೆ ಬಿಟ್ಟಿತು.

ಏಳು ಮಕ್ಕಳು ಹತ್ತಿದರು. ಗಿರಿಜಿಯೂ ತಾನೇ ಹತ್ತಿದಳು, ಯಾರೂ ಎತ್ತಲಿಲ್ಲ. ಅಜ್ಜಿ ಕಾಲೆತ್ತಿದಳು, ಹತ್ತಿದಳು. ದಸ್ತಗೀರಣ್ಣನೂ ಸ್ಪ್ಯಾನರ್ ಹಿಡಿದು ಹತ್ತಿದ. ಪೈಪು ಹಾಕೋರು ಬೇಡವಾ?

ಗಿಣಿ ಹೊರಟಿತು. ಪೈಪು ಇನ್ನೂ ಇಲ್ಲ. ಕಿವಿ ಮುಚ್ಕೊಳ್ಳಿ! ಡಬ ಡಬ ಡಬ ಡರ್ರ್ರ್!

ಸದ್ದು ಕೇಳಿ ಬಂಡೆ ಕಣ್ಣು ಗಟ್ಟಿಯಾಗಿ ಮುಚ್ಚಿತು. ಬೆನ್ನು ಬಿಗಿ ಹಿಡಿಯಿತು. ಈಗ ಕೆರೀತಾಳೆ, ಈಗ ಕೆರೀತಾಳೆ!

ಸಣ್ಣೀರಕ್ಕ ಬಂಡೆ ಹತ್ತಿರ ಗಿಣಿಯ ವೇಗ ತಗ್ಗಿಸಿದಳು. ಬೆನ್ನ ಹಿಂದೆ ಏಳು ಮಕ್ಕಳು. ಎರಡು ಬೆರಳು ಸಾಕಾಗದಿದ್ದರೆ? ಮೆಲ್ಲಗೆ ಮುಂದಿನ ಚಕ್ರ ದಾಟಿಸಿದಳು. ಮೆಲ್ಲಗೆ ಹೊಟ್ಟೆ ಬಂತು. ಮಕ್ಕಳು ಉಸಿರು ಹಿಡಿದರು. ಮೆಲ್ಲಗೆ ಹಿಂದಿನ ಚಕ್ರ ದಾಟಿತು.

ಕರ್ರ್ ಇಲ್ಲ!

"ಇನ್ನೂ ಬರಲಿಲ್ವಾ?" ಅಂತು ಬಂಡೆ, ಕಣ್ಣು ಮುಚ್ಚಿಕೊಂಡೇ.

"ಬಂದೂ ಆಯ್ತು, ದಾಟಿದ್ದೂ ಆಯ್ತು!" ಅಂತ ಏಳು ಮಕ್ಕಳೂ ಕೂಗಿದರು.

ಬಂಡೆ ಕಣ್ಣು ಬಿಟ್ಟಿತು. ಮುಂದೆ ನೋಡಿತು. ಹಿಂದೆ ನೋಡಿತು. ಬೆನ್ನು ಮುಟ್ಟಿ ನೋಡಿಕೊಳ್ಳೋಣ ಅಂದರೆ ಪಾಪ, ಕೈಯಿಲ್ಲ. ಆಮೇಲೆ ನಕ್ಕಿತು ನೋಡಿ, ಗುಡುಗುಡು ಗುಡುಗುಡು! ನಕ್ಕೂ ನಕ್ಕೂ ಪಕ್ಕಕ್ಕೆ ಹೊರಳಿತು. ಅಡಿಯಿಂದ ಪೈಪು ಜಾರಿ ಬಂತು. ದಸ್ತಗೀರಣ್ಣ ಕಿರ್ ಕಿರ್ ಅಂತ ತಿರುಗಿಸಿ ಬಿಗಿದ.

ಬಂಡೆ ಪೈಪು ಕೊಟ್ಟಿತು.
ಗಿಣಿ ಸುಮ್ಮನಾಯ್ತು. ಗುರ್... ಗುರ್... ಬೆಕ್ಕಿನ ಹಾಗೆ.
ಮಕ್ಕಳು ಮನೆ ಸೇರಿದರು!

ಹಟ್ಟಿಯಲ್ಲಿ ಸಣ್ಣೀರಕ್ಕ ಒಬ್ಬೊಬ್ಬರನ್ನೇ ಇಳಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಅಯ್ಯೋ, ಏಳನೆಯದೆಲ್ಲಿ? ಬಗ್ಗಿ ನೋಡಿದಳು. ಗಿರಿಜಿ ಅಜ್ಜಿಯ ಮಡಿಲಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು.

ಜೀಪು ಮನೆಗೆ ಬಂತು, ಕತೆ ನಿಮ್ಮ ಕಿವಿಗೆ ಬಂತು. ಏಳಿ, ಏಳಿ! ಕೈ ತೊಳ್ಕೊಳ್ಳಿ, ಊಟಕ್ಕೆ.